ದಣಿವಿಗೆ ಹಾಕುವ ಹಾರ

ಸನ್ಮಾನ ಪತ್ರಗಳಿಗೆಂದೇ ಒಂದು ಸಿದ್ಧ ವಾಕ್ಯವಿದೆ: 'ಹಗಲಿರುಳೆನ್ನದೆ, ಮನೆಮಠ ಮರೆತು ದುಡಿದವರು.' ಬೀದರ್ ನಗರದಲ್ಲಿ, ಭಾಲ್ಕಿಯಲ್ಲಿ, ಔರಾದ್‌ನಲ್ಲಿ ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಬರೆದುಕೊಟ್ಟದ್ದೂ ಇದೆ. ಈ ವಾಕ್ಯದ ಮೇಲೆ ಈಗ ನಮ್ಮದೊಂದು ತಕರಾರಿದೆ.

2021ರ ಕೊರೊನಾ ಎರಡನೇ ಅಲೆಯಲ್ಲಿ ಬೀದರಿನ ಹಳೆ ಊರಿನ ಯುವಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹೊತ್ತರು, ಬಂಧುಗಳೇ ಹತ್ತಿರ ಬಾರದ ಶವಗಳನ್ನು ದಫನ್ ಮಾಡಿದರು. ಅಲೆ ಇಳಿದ ಮೇಲೂ ಅವರ ಫೋನ್ ನಿಲ್ಲಲಿಲ್ಲ. ಭಾಲ್ಕಿಯಿಂದ ರಕ್ತ ಬೇಕೆಂದು ನಡುರಾತ್ರಿಯ ಕರೆ, ಔರಾದ್‌ನಿಂದ ಆಂಬುಲೆನ್ಸ್‌ಗಾಗಿ ಇನ್ನೊಂದು. ಅವರಿಗೊಂದು ಹಳೆಯ ಚಟವಿತ್ತು. ಔರಾದ್ ಕಡೆ ಶಾಲಾ ಗೆಳೆಯರೊಬ್ಬರ ಹೊಲದಲ್ಲಿ ಒಂದು ಹೆಣ್ಣು ಕುದುರೆ. ರವಿವಾರ ಬೆಳಿಗ್ಗೆ ಹೋಗಿ ಕರಿನೆಲದ ದಾರಿಯಲ್ಲಿ ಒಂದು ಗಂಟೆ ಸವಾರಿ, ಆಮೇಲೆ ಗೆಳೆಯರೊಂದಿಗೆ ಚಹಾ. ಲಗಾಮು ಹಿಡಿದ ಕೈಗೆ ಫೋನ್ ಎತ್ತಲಾಗುವುದಿಲ್ಲ, ಅದೇ ಸುಖ ಎನ್ನುತ್ತಿದ್ದರು. "ಜನ ಸಾಯ್ತಿರೋವಾಗ ಇವರಿಗೆ ಕುದುರೆ ಸವಾರಿ" ಎಂದು ಯಾರೋ ಅಂದರು. ಅದನ್ನು ಕೇಳಿ ನಕ್ಕವರಲ್ಲಿ ನಾವೂ ಇದ್ದೆವು. ಅವರು ಸವಾರಿ ಬಿಟ್ಟರು, ಗೆಳೆಯರ ಮನೆಗೆ ಹೋಗುವುದನ್ನೂ ಬಿಟ್ಟರು. ಒಂದು ವರ್ಷದೊಳಗೆ ಸೇವೆಯನ್ನೇ ಬಿಟ್ಟರು. ನಾವು ಬರೆದ ಸನ್ಮಾನ ಪತ್ರ ಅವರ ಮನೆಯ ಗೋಡೆಯ ಮೇಲೆ ಇನ್ನೂ ಇದೆ.

ಇಂಥ ಮಾತಿಗೆ ನಮ್ಮ ಭಾಷಣಕಾರರು ಮಹಮೂದ್ ಗವಾನರನ್ನು ಸಾಕ್ಷಿಗೆ ಕರೆಯುವುದುಂಟು. ಇರಾನಿನ ಗೀಲಾನ್‌ನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಇವರು ಚಾಪೆಯ ಮೇಲೆ ಮಲಗುತ್ತಿದ್ದರು, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದರು, ಬಡವರಿಗೆಂದೇ ಬೇರೆ ಖಜಾನೆ ಇಟ್ಟಿದ್ದರು ಎಂದು ಫಿರಿಸ್ತಾ ಬರೆದಿದ್ದಾನೆ. ಭಾಷಣ ಇಲ್ಲಿಗೆ ಮುಗಿಯುತ್ತದೆ, ಚರಿತ್ರೆ ಮುಗಿಯುವುದಿಲ್ಲ. 1472ರಲ್ಲಿ ತಾವೇ ಕಟ್ಟಿಸಿದ ಮದರಸಾಕ್ಕೆ ಬಿಡುವು ಸಿಕ್ಕಾಗ ಹೋಗಿ ಗವಾನರು ವಿದ್ವಾಂಸರೊಡನೆ ಕಾಲ ಕಳೆಯುತ್ತಿದ್ದರು. ದಂಡಯಾತ್ರೆ, ದರ್ಬಾರಿನ ಒಳಜಗಳ ಎಲ್ಲದರ ಮಧ್ಯೆ ಹೆರಾತಿನ ಕವಿ ಜಾಮಿಯೊಂದಿಗೆ ಪತ್ರವ್ಯವಹಾರವಿತ್ತು. ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವರನ್ನು ಕೊಲ್ಲಿಸಿದ್ದು ಎಲ್ಲರಿಗೂ ನೆನಪಿದೆ. ಗೆಳೆಯರೊಡನೆ ಕೂತ ಗವಾನರು ಮಾತ್ರ ನಮಗೆ ಬೇಡವಾದರು.

ಕುದುರೆಯ ಮಾತು ಬೇರೆ. ಗವಾನರ ಕಾಲದಲ್ಲೇ ರಷ್ಯದ ಅಫನಾಸಿ ನಿಕಿತಿನ್ ಸಮುದ್ರದಾಚೆಯಿಂದ ಒಂದು ಕುದುರೆ ತಂದು ಬೀದರಿನಲ್ಲಿ ಮಾರಿದ; ಇಲ್ಲಿಯ ಹಿಂದೂಗಳ ಸ್ನೇಹವನ್ನೂ ಸಂಪಾದಿಸಿದ. ಆಗ ಕುದುರೆ ಈ ಊರಿನ ವ್ಯವಹಾರ. ಈಗ ಅದನ್ನು ಮದುಮಗನ ಮೆರವಣಿಗೆಯಲ್ಲಷ್ಟೇ ನೋಡಿ ಅಭ್ಯಾಸವಾದ ನಮಗೆ ಸವಾರಿಯೆಂದರೆ ಶೋಕಿ.

ಸಲ್ಮಾನ್ ಫಾರಿಸಿಯವರ ಪ್ರಸಂಗ ನಮ್ಮಲ್ಲಿ ಅನೇಕರಿಗೆ ಗೊತ್ತು. ಸಂಗಾತಿ ಅಬೂ ದರ್ದಾ ಹಗಲು ಉಪವಾಸ, ರಾತ್ರಿ ನಮಾಝ್ ಎಂದು ಮನೆಯನ್ನೇ ಮರೆತಿದ್ದರು. ಸಲ್ಮಾನ್ ಅತಿಥಿಯಾಗಿ ಬಂದು ಅವರನ್ನು ಉಣ್ಣಿಸಿದರು, ನಮಾಝಿಗೆ ಏಳಹೊರಟಾಗ ಮಲಗಿರೆಂದರು, ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ಕೂಡಿ ನಮಾಝ್ ಮಾಡಿದರು. ದೇವನಿಗಿರುವಂತೆ ದೇಹಕ್ಕೂ ಮನೆಯವರಿಗೂ ಹಕ್ಕಿದೆ ಎಂಬ ಸಲ್ಮಾನರ ಮಾತನ್ನು ಪ್ರವಾದಿ(ಸ) ಸರಿಯೆಂದರು. ನಮ್ಮ ಯುವಕರಿಗೆ ಮಲಗಿ ಎನ್ನಬೇಕಾಗಿದ್ದವರು ನಾವು. ಆ ಫೋನನ್ನು ವಾರಕ್ಕೆ ಎರಡು ರಾತ್ರಿ ಇನ್ನೊಬ್ಬರು ಇಟ್ಟುಕೊಂಡಿದ್ದರೂ ಸಾಕಿತ್ತು. ಹಾರ ತರುವವರು ಹತ್ತು ಜನರಿದ್ದರು, ಫೋನ್ ಇಟ್ಟುಕೊಳ್ಳುವವರು ಒಬ್ಬರೂ ಇರಲಿಲ್ಲ.

ಮೊನ್ನೆ ಭಾಲ್ಕಿಯ ಮಹಿಳೆಯೊಬ್ಬರ ಸನ್ಮಾನಕ್ಕೆ ಪತ್ರ ಬರೆಯುವ ಕೆಲಸ ಮತ್ತೆ ನಮ್ಮ ಪಾಲಿಗೆ ಬಂತು. ಮನೆಗೆಲಸ ಮುಗಿಸಿ ರೋಗಿಗಳಿಗೆ ಊಟ ಒಯ್ಯುವವರು ಅವರು. ಹಳೆಯ ವಾಕ್ಯ ಹೊಡೆದುಹಾಕಿ, ಏನು ಬರೆಯಲಿ ಎಂದು ಅವರನ್ನೇ ಕೇಳಿದೆವು.

"ಐತಾರ ಫೋನ್ ಬಂದ್ ಇಡ್ತಾಳಂತ ಬರೀರಿ" ಎಂದರು.

ಬರೆದೆವು. ಅಚ್ಚಾಗಿ ಬಂದ ಪತ್ರದಲ್ಲಿ ಆ ಸಾಲು ಇರಲಿಲ್ಲ.