ಅರಮನೆಯ ಮದುವೆ, ಹಂದರದ ಹಾಡು

ಮೂರು ದಿನದ ಮದುವೆ ಎಂದರೆ ಈಗಿನವರು ಅದೇನೋ ಹೊಸದು ಎಂಬಂತೆ ಮಾತಾಡುತ್ತಾರೆ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಮದುವೆ ಒಂದೇ ದಿನದಲ್ಲಿ ಮುಗಿಯುತ್ತಿದ್ದುದಾದರೂ ಯಾವಾಗ? ಹಂದರ ಹಾಕುವುದಕ್ಕೇ ಒಂದು ದಿನ. ಕುಂಬಾರರ ಮನೆಯಿಂದ ಐರಾಣಿ ತರುವುದು, ಅರಿಷಿಣ, ಸುರಗಿ ನೀರು, ದೇವರ ಊಟ, ಅಕ್ಕಿಕಾಳು, ಆಮೇಲೆ ಬೀಗರ ಊಟ. ಬಂದ ನೆಂಟರು ಹೊರಡುವ ಹೊತ್ತಿಗೆ ಮನೆಯ ಹೆಣ್ಣುಮಕ್ಕಳ ಧ್ವನಿ ಒಡೆದು ಹೋಗಿರುತ್ತಿತ್ತು. ಇದಕ್ಕೆಲ್ಲ ಯಾವ ಕಂಪನಿಯೂ ಯೋಜನೆ ಹಾಕಿಕೊಡುತ್ತಿರಲಿಲ್ಲ. ಯೋಜನೆ ಇರುತ್ತಿದ್ದುದು ಪಡಸಾಲೆಯ ಮೂಲೆಯಲ್ಲಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕುಳಿತ ಒಬ್ಬ ಮುದುಕಿಯ ತಲೆಯಲ್ಲಿ. ಯಾರ ಮನೆಗೆ ಮೊದಲು ಕರೆಯಲು ಹೋಗಬೇಕು, ಯಾವ ಬೀಗತಿ ಯಾವುದಕ್ಕೆ ಮುನಿಸಿಕೊಳ್ಳುತ್ತಾಳೆ, ಎಷ್ಟು ಸೇರು ಗೋಧಿ ಹುಗ್ಗಿಗೆ ಬೇಕು, ಎಲ್ಲ ಆಕೆಗೆ ಬಾಯಿಪಾಠ.

ಹೊಸದು ಯಾವುದೆಂದರೆ ಅರಮನೆ. ತಮ್ಮ ಊರೂ ಅಲ್ಲದ, ಬೀಗರ ಊರೂ ಅಲ್ಲದ ಮೂರನೆಯ ಊರಿನಲ್ಲಿ ಹಳೆಯ ಅರಮನೆಯೊಂದನ್ನು ಬಾಡಿಗೆಗೆ ಹಿಡಿದು, ಹುಡುಗಿಯ ಕಡೆಯ ಪದ್ಧತಿ ಒಂದು ದಿನ, ಹುಡುಗನ ಕಡೆಯದು ಮರುದಿನ ಎಂದು ಹಂಚಿಕೊಂಡು ಮಾಡುವ ಮದುವೆ. ಇದನ್ನು ‘ಎರಡು ಸಂಸ್ಕೃತಿಗಳ ಸಂಗಮ’ ಎಂದು ಕರೆಯುತ್ತಾರೆ. ಸಂಗಮ ಎಂದೊಡನೆ ಕೃಷ್ಣೆ, ಮಲಪ್ರಭೆ ಕೂಡುವ ಜಾಗವನ್ನು ಕಂಡ ನಮ್ಮಂಥವರಿಗೆ ನಗು ಬರುತ್ತದೆ. ಅಲ್ಲಿ ಈ ಹೊಳೆಯ ನೀರು ಒಂದು ದಿನ, ಆ ಹೊಳೆಯ ನೀರು ಒಂದು ದಿನ ಹರಿಯುವುದಿಲ್ಲವಲ್ಲ!

ಈ ಬಗೆಯ ಮದುವೆಗೆ ಎಲ್ಲರ ಬಾಯಲ್ಲಿರುವ ಮಾದರಿ 2018ರ ನವೆಂಬರಿನಲ್ಲಿ ನಡೆದದ್ದು. ನಮ್ಮ ಪ್ರಕಾಶ ಪಡುಕೋಣೆಯವರ ಮಗಳು ದೀಪಿಕಾ, ನಟ ರಣವೀರ ಸಿಂಗರನ್ನು ಇಟಲಿಯ ಕೋಮೋ ಸರೋವರದ ದಂಡೆಯ 18ನೆಯ ಶತಮಾನದ ಬಂಗಲೆಯೊಂದರಲ್ಲಿ ಮದುವೆಯಾದರು. 14ರಂದು ಕೊಂಕಣಿ ಪದ್ಧತಿ, 15ರಂದು ಹುಡುಗನ ಸಿಂಧಿ ಮನೆತನದ ರೀತಿಯ ಆನಂದ ಕಾರಜ. ಆರತಕ್ಷತೆ ಮಾತ್ರ ಬೆಂಗಳೂರಿನಲ್ಲಿ, ಮುಂಬಯಿಯಲ್ಲಿ. ಚಿತ್ರಗಳು ಚೆಂದವಾಗಿದ್ದವು, ಇಬ್ಬರೂ ಸಂತೋಷವಾಗಿ ಕಂಡರು. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸೀರೆಯ ಸಂಗತಿ.

ಕೊಂಕಣಿ ಮದುವೆಯ ದಿನ ಹುಡುಗಿ ಉಟ್ಟ ಸೀರೆಯನ್ನು ಮೊದಲು ಕಲ್ಕತ್ತೆಯ ಪ್ರಸಿದ್ಧ ವಸ್ತ್ರವಿನ್ಯಾಸಕರೊಬ್ಬರದು ಎಂದು ಜಗತ್ತೆಲ್ಲ ಕೊಂಡಾಡಿತು. ಕೆಲವು ದಿನಗಳಾದ ಮೇಲೆ ಆ ವಿನ್ಯಾಸಕರೇ ಒಂದು ವಿವರಣೆ ಕೊಟ್ಟರು: ಕೊಂಕಣಿಗರಲ್ಲಿ ಮದುವೆಯ ಸೀರೆಯನ್ನು ಹುಡುಗಿಯ ತಾಯಿ ಕೊಡುವುದು ಪದ್ಧತಿ, ಈ ಸೀರೆಯೂ ತಾಯಿ ಕೊಟ್ಟದ್ದೇ, ಅದು ಬೆಂಗಳೂರಿನ ಅಂಗಡಿಯಿಂದ ಕೊಂಡದ್ದು. ಒಪ್ಪಿಕೊಂಡದ್ದು ದೊಡ್ಡತನ, ನಿಜ. ಆದರೂ ನೋಡಿರಿ, ಇಡೀ ಎರಡು ದಿನದ ಆ ಸಮಾರಂಭದಲ್ಲಿ ಒಂದು ಸಂಸ್ಕೃತಿ ನಿಜವಾಗಿ ಜೀವಂತವಿದ್ದ ಜಾಗ ಯಾವುದು? ತಾಯಿ ಅಂಗಡಿಗೆ ಹೋಗಿ, ಮಡಿಕೆ ಬಿಚ್ಚಿಸಿ ನೋಡಿ, ಮಗಳಿಗೆಂದು ತಂದ ಆ ಸೀರೆ. ಹೆಸರು ಬಿಟ್ಟುಹೋದದ್ದೂ ಅಲ್ಲೇ. ಮೊದಲು ವಿನ್ಯಾಸಕರ ಹೆಸರು ಬಂತು, ಆಮೇಲೆ ಅಂಗಡಿಯದು, ತಾಯಿಯದು. ನೇಯ್ದವರ ಹೆಸರು ಆ ಮಾತುಕತೆಯಲ್ಲಿ ಎಲ್ಲೂ ಬರಲಿಲ್ಲ.

ಇಳಕಲ್ಲಿನ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತ ಓಡಾಡಿದವರಿಗೆ ಇದು ಚುಚ್ಚುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ರೇಶ್ಮೆ ಅಥವಾ ಕೃತಕ ರೇಶ್ಮೆಯದು. ಎರಡೂ ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ಒಡಲಿಗೆ ಹತ್ತುತ್ತದೆ. ಆದ್ದರಿಂದ ಸೀರೆಗೊಂದು ಹಾಸು ಬೇಕೇ ಬೇಕು. ಒಂದೇ ಉದ್ದನೆಯ ಹಾಸು ಹೂಡಿ ಹತ್ತಾರು ಸೀರೆ ಕತ್ತರಿಸಿ ಕೊಡುವಂತಿಲ್ಲ. ಈ ತೋಪು ತೆನೆಯ ಕೆಂಪು ಸೆರಗನ್ನು ಮಹಾರಾಷ್ಟ್ರದ ಹೆಣ್ಣುಮಕ್ಕಳೂ ‘ಇರಕಲ್’ ಎಂದು ಕರೆದು ತಮ್ಮದೇ ಎಂಬಂತೆ ಉಡುತ್ತಾರೆ. ನಮ್ಮಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೇಳಿದರೆ ಅವರು ಉಖಾಣೆಯಲ್ಲಿ ಹೇಳುತ್ತಾರೆ. ಎರಡು ಸಂಸ್ಕೃತಿ ಕೂಡುವುದೆಂದರೆ ಹೀಗೆ. ಯಾರೂ ಅದಕ್ಕೆ ದಿನ ಗೊತ್ತುಮಾಡಿರಲಿಲ್ಲ.

ಅರಮನೆಗಳಿಗೆ ದೂರದ ಸೊಸೆ ಬರುವುದು ಹೊಸ ಸಂಗತಿಯಲ್ಲ. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಮದುವೆ ಕಾಠಿಯಾವಾಡದ ಪ್ರತಾಪಕುಮಾರಿಯವರೊಡನೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಡೆಯಿತು. ಹಳೆಯ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲೇ ಬೆಂಕಿಗೆ ಸಿಕ್ಕಿತ್ತು. 2016ರ ಜೂನಿನಲ್ಲಿ ಯದುವೀರ ಒಡೆಯರು ರಾಜಸ್ಥಾನದ ಡುಂಗರಪುರದ ಮನೆತನದ ತ್ರಿಷಿಕಾಕುಮಾರಿಯವರನ್ನು ಮೈಸೂರು ಅರಮನೆಯಲ್ಲೇ ಕೈಹಿಡಿದರು. ಅವರಿಗೆ ಅದು ಮನೆ, ಬಾಡಿಗೆಯ ಬೆನ್ನಪರದೆಯಲ್ಲ. ಅದೇ ವರ್ಷ ನವೆಂಬರಿನಲ್ಲಿ, ನೋಟು ರದ್ದಾಗಿ ಜನ ಬ್ಯಾಂಕಿನ ಮುಂದೆ ಸಾಲು ನಿಂತ ದಿನಗಳಲ್ಲಿ, ಬಳ್ಳಾರಿಯ ಜನಾರ್ದನ ರೆಡ್ಡಿಯವರ ಮಗಳ ಮದುವೆಗೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿಜಯನಗರದ ವೈಭವವನ್ನು ಸೆಟ್ಟು ಹಾಕಿ ನಿಲ್ಲಿಸಲಾಯಿತು. ಇಳಕಲ್ಲಿನಲ್ಲಿ ಬಸ್ಸು ಹತ್ತಿದರೆ ಅರ್ಧ ದಿನದೊಳಗೆ ನಿಜವಾದ ಹಂಪಿ ಸಿಗುತ್ತದೆ. ಅದನ್ನು ಪ್ಲೈವುಡ್ಡಿನಲ್ಲಿ ಮಾಡುವ ತಾಪತ್ರಯ ಏಕೋ!

ನನಗೆ ಇವರೆಲ್ಲರಿಗಿಂತ ನೆನಪಾಗುವವಳು ಬಾದಾಮಿ ಚಾಲುಕ್ಯರ ಸೊಸೆ ಲೋಕಮಹಾದೇವಿ. 8ನೆಯ ಶತಮಾನದಲ್ಲಿ ಎರಡನೆಯ ವಿಕ್ರಮಾದಿತ್ಯನನ್ನು ಮದುವೆಯಾದ ಹೈಹಯ ಮನೆತನದ ಹೆಣ್ಣುಮಗಳು. ತಂಗಿ ತ್ರೈಲೋಕ್ಯಮಹಾದೇವಿಯೂ ಅದೇ ಅರಸನ ರಾಣಿ. ಅಕ್ಕತಂಗಿಯರು ಪಟ್ಟದಕಲ್ಲಿನಲ್ಲಿ ಒಂದರ ಬದಿಗೊಂದು ಕಟ್ಟಿಸಿದ ಗುಡಿಗಳನ್ನು ನಾವೀಗ ವಿರೂಪಾಕ್ಷ, ಮಲ್ಲಿಕಾರ್ಜುನ ಎನ್ನುತ್ತೇವೆ. ಅರಸ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿಸಿದ್ದು ಎಂದು ಶಾಲೆಯ ಪ್ರವಾಸದಲ್ಲಿ ನೀವೂ ಕೇಳಿರುತ್ತೀರಿ. ಶಾಲೆಯಲ್ಲಿ ಹೇಳದೆ ಬಿಡುವ ಮಾತು ಇನ್ನೊಂದಿದೆ. ರಾಣಿಯ ಗುಡಿ ಕಟ್ಟಿದ ಶಿಲ್ಪಿಯ ಹೆಸರು ಅಲ್ಲಿನ ಕನ್ನಡ ಶಾಸನದಲ್ಲಿದೆ: ಗುಂಡ, ಅನಿವಾರಿತಾಚಾರಿ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಕೊಟ್ಟದ್ದೂ ಇದೆ. ಇನ್ನೊಂದು ಶಾಸನದ ಪ್ರಕಾರ, ಮಾವ ವಿಜಯಾದಿತ್ಯ ಹಾಡುಗಾರರಿಗೆ ಬಿಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಹಾಗೆಯೇ ಉಳಿಸಿ ಗಟ್ಟಿಮಾಡಿದಳು. ಹೊರಗಿನಿಂದ ಬಂದ ಸೊಸೆ ಈ ನೆಲದ ಕಲ್ಲುಕುಟಿಗನ ಹೆಸರನ್ನು ಉಳಿಸಿದಳು, ಹಾಡುವವರ ಅನ್ನವನ್ನೂ ಉಳಿಸಿದಳು. ಸಾವಿರದ ಇನ್ನೂರು ವರ್ಷಗಳ ಮೇಲೆ ಇಟಲಿಯ ಬಂಗಲೆಯಲ್ಲಿ ಸೀರೆಯ ಹೆಸರು ತಪ್ಪಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅರಮನೆ ಎಂದರೇನು ಎಂಬ ನನ್ನ ತಿಳುವಳಿಕೆಯೇ ಬೇರೆಯಾಗುತ್ತದೆ.

ಇದೆಲ್ಲ ದೊಡ್ಡವರ ಮಾತಾಯಿತು, ನಮಗೇನು ಎನ್ನಬಹುದು. ನಮಗೇ ಇದೆ. ನವನಗರದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಮನೆ ಹೋದಾಗ ಸಿಕ್ಕ ನಿವೇಶನದಲ್ಲಿ ಅರ್ಧಕ್ಕೆ ಮನೆ ಕಟ್ಟಿ, ಉಳಿದರ್ಧವನ್ನು ಮಗಳ ಹೆಸರಿಗೆಂದು ಖಾಲಿ ಬಿಟ್ಟವಳು. ಮಗಳು ಬೆಂಗಳೂರಿನಲ್ಲಿ ನೌಕರಿಗಿದ್ದು, ಜೊತೆಗೆ ಕೆಲಸ ಮಾಡುವ ಪಂಜಾಬಿ ಹುಡುಗನನ್ನು ಮೆಚ್ಚಿದಳು. ಮನೆಯವರು ಒಪ್ಪಿದರು. ಆಮೇಲೆ ಬಂತು ಮದುವೆ ಮಾಡಿಸುವ ಕಂಪನಿಯ ಪಟ್ಟಿ: ರಾಜಸ್ಥಾನದ ಅರಮನೆ, ಮೂರು ದಿನ. ಮೊದಲ ದಿನ ಮೆಹಂದಿ, ಸಂಗೀತ್. ಎರಡನೆಯ ದಿನ ‘ಸೌತ್ ಇಂಡಿಯನ್’. ಮೂರನೆಯ ದಿನ ಪಂಜಾಬಿ. ಗೆಳತಿ ಕನ್ನಡಕ ಹಾಕಿಕೊಂಡು ‘ಸೌತ್ ಇಂಡಿಯನ್’ ಎಂಬಲ್ಲಿ ಏನೇನಿದೆ ಎಂದು ಓದಿದಳು. ಬಾಳೆ ಎಲೆ, ನಾದಸ್ವರ, ಕಂಚಿ ಸೀರೆ, ಇಡ್ಲಿ, ತೆಂಗಿನಕಾಯಿ ಚಟ್ನಿ.

“ಇದರಾಗ ನಾವು ಎಲ್ಲದೇವಿ?” ಎಂದು ಕೇಳಿದಳು.

ಎಲ್ಲಿಯೂ ಇರಲಿಲ್ಲ. ಸನಾದಿ ಇಲ್ಲ, ಕರಡಿ ಮಜಲಿಲ್ಲ, ಮಾದಲಿ ಇಲ್ಲ, ರೊಟ್ಟಿ ಇಲ್ಲ. ದೂರದಿಂದ ನೋಡುವವರಿಗೆ ವಿಂಧ್ಯದ ಕೆಳಗಿನದೆಲ್ಲ ಒಂದೇ ಬಾಳೆ ಎಲೆ. ಅತ್ತ ಪಂಜಾಬಿನವರಿಗೂ ಸಿನಿಮಾದಲ್ಲಿ ಕಾಣುವ ಪಂಜಾಬನ್ನೇ ಕೊಟ್ಟಿದ್ದರು. ಎರಡು ಸಂಸ್ಕೃತಿ ಕೂಡಿಸುತ್ತೇವೆ ಎಂದವರು ಎರಡನ್ನೂ ಮೊದಲು ಒರೆಸಿ, ಆಮೇಲೆ ಬಣ್ಣ ಹಚ್ಚಿದ್ದರು. ನಮ್ಮ ಕಡೆಯಿಂದ 40 ಜನಕ್ಕೆ ಮಾತ್ರ ಜಾಗ. ಹಾಡುವ ಅತ್ತೆಯಂದಿರು, ಐರಾಣಿ ಕೊಡುವ ಮನೆಯವರು, ಓಣಿಯ ಹೆಣ್ಣುಮಕ್ಕಳು ಆ 40ರಲ್ಲಿ ಬರುವುದು ಹೇಗೆ? ದುಡ್ಡಿನ ಲೆಕ್ಕ ಕೂಡಿಸಿದಾಗ ಆ ಖಾಲಿ ನಿವೇಶನದ ಬೆಲೆಗೆ ಹತ್ತಿರ ಬಂತು. ನೀರು ನುಂಗಿ ಉಳಿದದ್ದನ್ನು ಅರಮನೆ ನುಂಗುವ ಹೊತ್ತು.

ಮತ್ತೊಂದು ಮಾತನ್ನು ಇಲ್ಲಿ ಆಡದೆ ಬಿಡಲಾರೆ. ಪಂಜಾಬಿ ಅಳಿಯನಿಗೆ ಹೂಂ ಎಂದ ಇದೇ ಬಳಗದಲ್ಲಿ, ಕೆಲವು ವರ್ಷಗಳ ಹಿಂದೆ, ಇನ್ನೊಬ್ಬ ಹುಡುಗಿ ನಾಲ್ಕು ಓಣಿ ಆಚೆಯ, ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಳು. ಭಾಷೆ ಒಂದೇ, ಊಟ ಒಂದೇ, ಓದಿದ ಶಾಲೆಯೂ ಒಂದೇ. ಆಕೆಯನ್ನು ರಾತ್ರೋರಾತ್ರಿ ಸೋದರಮಾವನ ಊರಿಗೆ ಕಳಿಸಿದರು. ‘ಎರಡು ಸಂಸ್ಕೃತಿ’ ಎಂಬ ಸಭ್ಯ ಮಾತು ಬಳಕೆಯಾಗುವುದು ಪಗಾರ ಸಮ ಇದ್ದವರ ನಡುವೆ, ದೂರದ ಊರಿನವರ ನಡುವೆ. ಜಾತಿ ಎದುರು ಮನೆಯಲ್ಲಿದ್ದರೆ ಅದಕ್ಕೆ ಬೇರೆ ಹೆಸರು, ಬೇರೆ ಶಿಕ್ಷೆ. ಹುನಗುಂದ ತಾಲೂಕಿನವರು ಇದನ್ನು ಮರೆಯಬಾರದಿತ್ತು. 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸನ ಮಗಳಿಗೂ ಮದುವೆಯಾಯಿತು. ಆ ತಪ್ಪಿಗೆ ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು ಎಂದು ಶರಣರ ಚರಿತ್ರೆ ಹೇಳುತ್ತದೆ. ಬಸವಣ್ಣ ಕಲ್ಯಾಣ ಬಿಟ್ಟು ಬಂದು ಐಕ್ಯನಾದದ್ದು ಇದೇ ಕೂಡಲಸಂಗಮದಲ್ಲಿ. ಗಿರೀಶ ಕಾರ್ನಾಡರು ಈ ಮದುವೆಯನ್ನೇ ನಡುವಿಗಿಟ್ಟು 1990ರಲ್ಲಿ ‘ತಲೆದಂಡ’ ಬರೆದರು. ಅದರಲ್ಲಿ ಹುಡುಗ, ಹುಡುಗಿಯ ತಾಯಂದಿರೂ ರಂಗದ ಮೇಲೆ ಬರುತ್ತಾರೆ. ಮದುವೆ ಸಿದ್ಧಾಂತವಾಗಿ ಗಂಡಸರ ಸಭೆಯಲ್ಲಿ ಎಷ್ಟೇ ಗೆದ್ದರೂ, ಆ ಹುಡುಗಿ ಮರುದಿನ ಬೆಳಿಗ್ಗೆ ಯಾರ ಮನೆಯಲ್ಲಿ ಏಳುತ್ತಾಳೆ, ಏನು ಉಣ್ಣುತ್ತಾಳೆ ಎಂಬ ಚಿಂತೆ ಆ ಇಬ್ಬರದು. ನಾಟಕ ನೋಡಿ ಬಂದ ರಾತ್ರಿ ನನಗೆ ನಿದ್ದೆ ಹತ್ತದಂತೆ ಮಾಡಿದವರು ಅವರೇ. ಅರಮನೆಯ ಮೂರು ದಿನದ ಪಟ್ಟಿಯಲ್ಲಿ ಆ ನಾಲ್ಕನೆಯ ಬೆಳಗು ಇರುವುದೇ ಇಲ್ಲ.

ಗೆಳತಿಯ ಮನೆಯಲ್ಲಿ ಒಂದು ವಾರ ಜಗಳವಾಯಿತು. ಮಗಳು ಅತ್ತಳು, ಅಪ್ಪ ನಿವೇಶನ ಮಾರುತ್ತೇನೆ ಎಂದು ಹಟ ಹಿಡಿದ. ಕೊನೆಗೆ ದಾರಿ ತೆಗೆದವಳು ಹುಡುಗನ ತಾಯಿ. ಫೋನಿನಲ್ಲಿ ಹರಕು ಮುರುಕು ಹಿಂದಿಯಲ್ಲಿ ಇಬ್ಬರು ಬೀಗತಿಯರು ಮಾತಾಡಿದಾಗ, ಆಕೆಯೂ ಅರಮನೆಯ ಖರ್ಚಿಗೆ ಹೊಲದ ಮೇಲೆ ಸಾಲ ತೆಗೆಯಲು ಕೂತಿದ್ದಳು ಎಂಬುದು ಗೊತ್ತಾಯಿತು. ಮದುವೆ ನವನಗರದ ಕಲ್ಯಾಣ ಮಂಟಪದಲ್ಲಾಯಿತು. ಮೆಹಂದಿ ಇತ್ತು, ಮಗಳ ಆಸೆಗೆ ದೀಪದ ಅಲಂಕಾರ, ಬಾದಾಮಿಯ ಕೆರೆಯ ದಂಡೆಯಲ್ಲಿ ಫೋಟೋ, ಎಲ್ಲ ಇದ್ದವು. ಅರಿಷಿಣದ ದಿನ ಮನೆಯ ಮುಂದೆ ಹಂದರ ಹಾಕಿದ್ದರು. ನಮ್ಮ ಅತ್ತೆಯಂದಿರು ಬೀಗರ ಹಾಡು ಶುರುಮಾಡಿ ಹುಡುಗನ ಚಿಕ್ಕಮ್ಮನ ಮೂಗಿನಿಂದ ಹಿಡಿದು ಮಾವನ ಹೊಟ್ಟೆಯವರೆಗೆ ಯಾವುದನ್ನೂ ಬಿಡಲಿಲ್ಲ. ಅವರಿಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು. ಪಂಜಾಬಿನಲ್ಲೂ ಬೀಗರನ್ನು ಹಾಡಿನಲ್ಲಿ ಬೈಯುವ ಪದ್ಧತಿ ಇದೆ, ಸಿಠಣಿ ಎನ್ನುತ್ತಾರೆ. ಅತ್ತ ಕಡೆಯ ನಾಲ್ಕು ಜನ ಎದ್ದು ನಿಂತು ತಿರುಗಿ ಹಾಡಿದರು. ಅರ್ಧ ತಾಸು ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಯಾರು ಯಾರನ್ನು ಏನೆಂದು ಬೈದರೋ ದೇವರಿಗೇ ಗೊತ್ತು. ಗೆಳತಿ ಇಳಕಲ್ಲಿನಿಂದ ಹೇಳಿ ನೇಯಿಸಿ ತಂದ ಗಿರಿಕುಂಕುಮದ ಸೀರೆಯನ್ನು ಹುಡುಗನ ತಾಯಿಗೆ ಆಯೇರಿ ಮಾಡಿ, ನೇಯ್ದವನ ಹೆಸರನ್ನೂ ಓಣಿಯನ್ನೂ ಒಂದು ಚೀಟಿಯಲ್ಲಿ ಬರೆದು ಸೆರಗಿನ ಮಡಿಕೆಯಲ್ಲಿಟ್ಟಿದ್ದಳು.

ವಿಡಿಯೋ ಎರಡು ತಿಂಗಳ ಮೇಲೆ ಬಂತು. ಹಾಡಿನ ಆ ಅರ್ಧ ತಾಸಿನಲ್ಲಿ ಹೆಂಗಸರ ಬಾಯಿ ಅಲುಗಾಡುತ್ತದೆ, ಕೇಳುವುದು ಮಾತ್ರ ಯಾವುದೋ ಹಿಂದಿ ಸಿನಿಮಾದ ಹಾಡು. ಗೆಳತಿ ಅದನ್ನು ವಾಪಸು ಕಳಿಸಿದ್ದಾಳೆ, ಇದ್ದ ಹಾಗೆ ಹಾಕಿಕೊಡಿ ಎಂದು. ಇನ್ನೂ ಬಂದಿಲ್ಲ.