ಖಡಕ್ ರೊಟ್ಟಿ, ಕೂಲಂಕಷ ಹೊಳೆ

ಗೋಕಾಕದ ಯಾವುದೇ ಚಹಾದಂಗಡಿಯಲ್ಲಿ ‘ಒಂದ್ ಖಡಕ್ ಚಾ ಕೊಡ್ರಿ’ ಅಂದರೆ ಅಂಗಡಿಯವರು ಮರುಪ್ರಶ್ನೆ ಹಾಕುವುದಿಲ್ಲ. ಪುಡಿ ಒಂದಿಷ್ಟು ಜಾಸ್ತಿ ಬೀಳುತ್ತದೆ, ಚಹಾ ಇನ್ನೊಂದು ಕುದಿ ಕುದಿಯುತ್ತದೆ, ಹಾಲಿನ ಕೈ ಹಿಡಿತವಾಗುತ್ತದೆ. ಮೂಡಲಗಿಯ ಹುಡುಗ ಗಣಿತ ಕಲಿಸುವವರ ಬಗ್ಗೆ ‘ನಮ್ ಸರ್ ಭಾಳ ಖಡಕ್ ಅದಾರ್ರೀ’ ಅನ್ನುತ್ತಾನೆ. ಹುಕ್ಕೇರಿಯಲ್ಲಿ ಮದುವೆಗೆ ಹೊರಟವರು ಬಿಳಿ ಅಂಗಿಗೆ ‘ಖಡಕ್ ಇಸ್ತ್ರಿ ಆಗ್ಬೇಕು ನೋಡ್ರಿ’ ಎಂದು ಹೇಳಿ ಹೋಗುತ್ತಾರೆ. ಕುಡಿಯುವ ಚಹಾ, ಕಲಿಸುವ ಗುರು, ತೊಡುವ ಅಂಗಿ, ಮೂರಕ್ಕೂ ವಿಶೇಷಣ ಒಂದೇ. ಮರಾಠಿ, ಹಿಂದಿಗಳ ಜೊತೆ ನಾವು ಹಂಚಿಕೊಂಡಿರುವ ಈ ಪದ ಬೆಳಗಾವಿ ಸೀಮೆಯ ಕನ್ನಡದಲ್ಲಿ ಎಷ್ಟು ಒಗ್ಗಿಹೋಗಿದೆಯೆಂದರೆ, ಅದಿಲ್ಲದೆ ಇಲ್ಲಿ ಒಂದು ದಿನದ ಮಾತು ಸಾಗುವುದೂ ಕಷ್ಟ.

ಅದರ ನಿಜವಾದ ರುಚಿ ತಿಳಿಯಬೇಕಾದರೆ ಒಲೆಯ ಮುಂದೆ ಕೂರಬೇಕು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದುತ್ತಾರೆ. ಉಂಡೆಯನ್ನು ಅಂಗೈಯಿಂದ ಬಡಿಯುತ್ತ, ಬಡಿಯುತ್ತಲೇ ತಿರುಗಿಸುತ್ತ ಅಗಲ ಮಾಡುತ್ತಾರೆ. ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಅದು ಆರುತ್ತಲೇ ಮಗುಚುತ್ತಾರೆ. ಉಬ್ಬಿ ಬಂದರೆ ಬಿಸಿರೊಟ್ಟಿಯ ಕೆಲಸ ಅಲ್ಲಿಗೆ ಮುಗಿಯಿತು. ಖಡಕ್ ರೊಟ್ಟಿಯ ಕೆಲಸ ಅಲ್ಲಿಂದ ಮುಂದೆ ಇರುತ್ತದೆ. ಅದನ್ನು ಇನ್ನೂ ತೆಳ್ಳಗೆ ಬಡಿದಿರಬೇಕು. ಬೆಂದ ಮೇಲೂ ಸಣ್ಣ ಉರಿಯಲ್ಲಿ, ಒಲೆಯ ಮಗ್ಗುಲಲ್ಲಿ ನಿಲ್ಲಿಸಿ, ತೇವ ಪೂರಾ ಆರುವವರೆಗೆ ಕಾವು ಕೊಡಬೇಕು. ಅವಸರ ಮಾಡಿದರೆ ಅಂಚು ಕರಕಾಗಿ ನಡು ಹಸಿ ಉಳಿಯುತ್ತದೆ. ನಡುವೆ ಒಂದು ಬೆರಳಗಲ ತೇವ ಉಳಿದರೂ ಅಲ್ಲಿ ಬೂಷ್ಟು ಹಿಡಿಯುತ್ತದೆ. ತೇವ ಹೋದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬುತ್ತಿ ಕಟ್ಟಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಮುರಿದರೆ ಮೊದಲು ಸದ್ದು ಕೇಳುತ್ತದೆ. ಶೇಂಗಾ ಚಟ್ನಿ, ಕೆನೆಮೊಸರಿನ ಜೊತೆ ಬಾಯಿಗಿಟ್ಟರೆ ಜೋಳದ ಸಿಹಿ ನಿಧಾನಕ್ಕೆ ಬಿಡುತ್ತದೆ.

‘ಖಡಕ್’ ಎಂಬುದರ ಪೂರ್ತಿ ಅರ್ಥ ಈ ರೊಟ್ಟಿಯಲ್ಲಿದೆ. ಬಿರುಸು ಅದರ ಹೊರಗುರುತು. ಕಾವು ತಲುಪದ ಜಾಗ ಒಂದೂ ಇಲ್ಲ ಎಂಬುದು ಅದರ ಒಳತಿರುಳು. ಆದ್ದರಿಂದಲೇ ಬರೀ ಬೈಯುವ, ಹೊಡೆಯುವ ಮಾಸ್ತರರನ್ನು ನಮ್ಮವರು ‘ಸಿಟ್ಟಿನ ಮನಿಷಾ’ ಅಂದಾರೇ ಹೊರತು ಖಡಕ್ ಅನ್ನಲಾರರು. ಒಂದೂ ಪಟ್ಟಿಯನ್ನು ನೋಡದೆ ಬಿಡದ, ಒಬ್ಬ ಹುಡುಗನ ಅರೆಬರೆ ಲೆಕ್ಕವನ್ನೂ ಒಪ್ಪದ ಗುರುವಿಗೆ ಆ ಮಾತು ಸಲ್ಲುತ್ತದೆ. ಮೂಡಲಗಿಯ ಆ ಹುಡುಗನ ದೂರಿನೊಳಗೆ ಅಭಿಮಾನವೂ ಇದೆ.

ಯಾವುದಕ್ಕೆ ಸಲ್ಲದು ಎಂಬುದನ್ನೂ ಊರೇ ಹೇಳಿಕೊಡುತ್ತದೆ. ಕರದಂಟಿನ ಗೋಕಾಕದಲ್ಲಿ ಯಾರೂ ‘ಖಡಕ್ ಕರದಂಟು’ ಎಂದು ಹೊಗಳುವುದಿಲ್ಲ. ತುಪ್ಪದಲ್ಲಿ ಅರಳುವಂತೆ ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲವನ್ನೂ ಬೆಲ್ಲದ ಪಾಕ ಹಿಡಿದಿಟ್ಟಿರುತ್ತದೆ. ಹಲ್ಲಿಗೆ ಸ್ವಲ್ಪ ಜಗ್ಗಿ, ಆಮೇಲೆ ಕರಗುವುದು ಅದರ ಗುಣ. ಪಾಕ ಮೀರಿ ಕಲ್ಲಾದರೆ ಮಾತ್ರ ಅದಕ್ಕೆ ‘ಖಡಕ್ ಆತು’ ಅನ್ನುತ್ತಾರೆ. ಒಂದೇ ಪದ ರೊಟ್ಟಿಗೆ ಬಿರುದು, ಕರದಂಟಿಗೆ ನಿಂದೆ. ವಿಶೇಷಣದ ಬೆಲೆ ಅದು ಕೂಡಿಕೊಳ್ಳುವ ವಿಶೇಷ್ಯದಿಂದ ಗೊತ್ತಾಗುವುದು ಹೀಗೆ.

ಕಚೇರಿಯ ಕಾಗದಕ್ಕೆ ಬಂದರೆ ‘ಕಟ್ಟುನಿಟ್ಟು’ ಎದುರಾಗುತ್ತದೆ. ಎರಡೂ ಕಡೆ ಒತ್ತಿ ಬರುವ ಟಕಾರದಲ್ಲೇ ಅದರ ಬಿಗಿ ಕೇಳಿಸುತ್ತದೆ. ‘ಖಡಕ್’ ಯಾವ ಪ್ರತ್ಯಯವನ್ನೂ ಬೇಡದೆ ನಾಮಪದದ ಮುಂದೆ ನಿಂತರೆ, ‘ಕಟ್ಟುನಿಟ್ಟು’ ಹಾಗೆ ನಿಲ್ಲುವುದಿಲ್ಲ. ಕಟ್ಟುನಿಟ್ಟಾದ ನಿಯಮ, ಕಟ್ಟುನಿಟ್ಟಿನ ಕ್ರಮ, ಕಟ್ಟುನಿಟ್ಟಾಗಿ ಪಾಲಿಸು ಎಂದೇ ಬರೆಯಬೇಕು. ಇದು ನಿಯಮಕ್ಕೆ, ಪಥ್ಯಕ್ಕೆ, ವ್ರತಕ್ಕೆ ಒಪ್ಪುವ ಮಾತು. ಅಳತೆಗೆ ಬೇರೆ ಮಾತಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರಿನ ಮಟ್ಟದ ಲೆಕ್ಕ ಕರಾರುವಾಕ್ಕಾಗಿ ಇರಬೇಕು. ನೀರು ಬಿಡುವಾಗಿನ ಎಚ್ಚರಿಕೆಯ ನಿಯಮ ಕಟ್ಟುನಿಟ್ಟಾಗಿರಬೇಕು. ಎರಡನ್ನೂ ಅದಲುಬದಲು ಮಾಡಿದರೆ ವಾಕ್ಯ ಸಡಿಲಾಗುತ್ತದೆ.

ನ್ಯಾಯಾಲಯದಲ್ಲಂತೂ ಒಂದು ವಿಶೇಷಣ ಮನುಷ್ಯನ ದಿನಚರಿಯನ್ನೇ ಬದಲಿಸುತ್ತದೆ. 1860ರ ಭಾರತೀಯ ದಂಡ ಸಂಹಿತೆಯ 53ನೇ ಕಲಮು ಸೆರೆವಾಸವನ್ನು ಕಠಿಣ ಮತ್ತು ಸಾದಾ ಎಂದು ಎರಡಾಗಿ ವಿಂಗಡಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಭೇದವನ್ನು ಉಳಿಸಿಕೊಂಡಿದೆ. ‘ಕಠಿಣ’ ಎಂದು ಬರೆದರೆ ಶ್ರಮದ ಕೆಲಸ ಸೇರಿತು. ‘ಸಾದಾ’ ಎಂದರೆ ಇಲ್ಲ. ತೀರ್ಪಿನಲ್ಲಿ ಆ ಪದವನ್ನು ಅಂದಕ್ಕಾಗಿ ಯಾರೂ ಬಳಸುವುದಿಲ್ಲ.

ಇವೆಲ್ಲವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ‘ಕೂಲಂಕಷ’. ಕೂಲ ಎಂದರೆ ದಡ, ಕಷ ಎಂದರೆ ಉಜ್ಜುವಂಥದ್ದು. ಎರಡೂ ದಡಗಳನ್ನು ಉಜ್ಜಿಕೊಂಡು ಹರಿಯುವ ತುಂಬುಹೊಳೆ ಈ ಸಂಸ್ಕೃತ ಪದದೊಳಗಿದೆ. ಕಾಳಿದಾಸನ ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತ ಈ ಪದವನ್ನು ಆಕ್ಷೇಪಣೆಯಾಗಿ ಬಳಸುತ್ತಾನೆ. ಅಲ್ಲಿ ಅದು ದಡ ಕೊರೆದು ತನ್ನ ತಿಳಿನೀರನ್ನೇ ರಾಡಿ ಮಾಡಿಕೊಂಡು, ದಂಡೆಯ ಮರವನ್ನೂ ಕೆಡವುವ ನದಿ. ಕನ್ನಡದ ಬಳಕೆ ಅದರ ವಿನಾಶವನ್ನು ಬಿಟ್ಟು ವ್ಯಾಪ್ತಿಯನ್ನು ಇಟ್ಟುಕೊಂಡಿತು. ಕೂಲಂಕಷ ಪರಿಶೀಲನೆ, ಕೂಲಂಕಷವಾದ ವಿಚಾರಣೆ ಎಂದರೆ ಈ ದಡದಿಂದ ಆ ದಡದವರೆಗೆ ಮುಟ್ಟಿ ಬಂದದ್ದು.

ಈ ಪದವನ್ನು ಕಣ್ಣಾರೆ ಕಾಣಬೇಕೆಂದರೆ ಮಳೆಗಾಲದಲ್ಲಿ ಗೋಕಾಕಕ್ಕೆ ಬರಬೇಕು. ಬೇಸಿಗೆಯಲ್ಲಿ ಘಟಪ್ರಭೆ ಬಂಡೆಗಳ ನಡುವೆ ದಾರಿ ಹುಡುಕುತ್ತ ಹರಿಯುತ್ತಾಳೆ. ಆಷಾಢ, ಶ್ರಾವಣಗಳಲ್ಲಿ ಸಹ್ಯಾದ್ರಿಯ ಮಳೆ ಕೂಡಿಕೊಂಡು, ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿಯೂ ಸೇರಿದಾಗ, ಸುಮಾರು 52 ಮೀಟರ್ ಎತ್ತರದ ಜಲಪಾತದಲ್ಲಿ ಕುದುರೆಲಾಳದಾಕಾರದ ಬಂಡೆಯ ಅಂಚಿನುದ್ದಕ್ಕೂ ಕೆಂಪುನೀರು ಧುಮುಕುತ್ತದೆ. 2019ರ ಆಗಸ್ಟ್‌ನಲ್ಲಿ ಹೊಳೆ ದಡವನ್ನೂ ದಾಟಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ಓಣಿಗಳಿಗೆ, ಮೂಡಲಗಿ ತಾಲ್ಲೂಕಿನ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ಅಂಥ ಹಾನಿಯ ಸಮೀಕ್ಷೆಯನ್ನು ‘ಕೂಲಂಕಷ’ ಎಂದು ಕರೆಯಬೇಕಾದರೆ ನೀರು ಮುಟ್ಟಿದ ಪ್ರತಿ ಮನೆಯನ್ನೂ ಅದು ಮುಟ್ಟಿರಬೇಕು. ರಸ್ತೆಯ ಮೇಲೆ ನಿಂತು ಬರೆದ ವರದಿಗೆ ಆ ಪದ ಹೊಂದುವುದಿಲ್ಲ. ‘ಕೂಲಂಕುಶ’ ಎಂದು ಬರೆಯುವ ರೂಢಿ ಬೆಳೆದಿದೆ. ಅದರಲ್ಲಿ ಅಂಕುಶವೊಂದು ನುಸುಳಿ ಹೊಳೆ ಮಾಯವಾಗುತ್ತದೆ.

ಈ ನೆಲದ ಮಾತಿಗೆ ಬರಹದಲ್ಲಿ ಸ್ಥಾನ ದೊರಕಿಸಿದವರು ಇಲ್ಲಿಯವರೇ. ಗೋಕಾಕ ತಾಲ್ಲೂಕಿನ ಬೆಟಗೇರಿಯ ಆನಂದಕಂದರು, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಆಡುಮಾತಿನ ನಾದವನ್ನು ಕಾವ್ಯಕ್ಕೆ, ನಾಟಕಕ್ಕೆ ತಂದರು. 2010ರ ಸಾಲಿನ ಜ್ಞಾನಪೀಠ ಕಂಬಾರರಿಗೆ ಬಂದಾಗ ಈ ಸೀಮೆಯ ಕನ್ನಡಕ್ಕೂ ಗೌರವ ಬಂದಂತಾಯಿತು. ಹಳ್ಳಿಯ ‘ಖಡಕ್’ಗೂ ಶಾಸ್ತ್ರದ ‘ಕೂಲಂಕಷ’ಕ್ಕೂ ಒಂದೇ ಪುಟದಲ್ಲಿ ಜಾಗವಿದೆ ಎಂದು ಧೈರ್ಯವಾಗಿ ಹೇಳಲು ಇಂಥವರ ಬರಹವೇ ಆಧಾರ.

ಈಗ ದಿನಪತ್ರಿಕೆಗಳಲ್ಲಿ ‘ಖಡಕ್ ಎಚ್ಚರಿಕೆ’, ‘ಖಡಕ್ ಸೂಚನೆ’ ದಿನಕ್ಕೊಂದು ಬರುತ್ತವೆ. ಸಭೆಯಲ್ಲಿ ದನಿ ಏರಿದರೆ ಸಾಕು, ಎಚ್ಚರಿಕೆ ಖಡಕ್ ಆಗಿಬಿಡುತ್ತದೆ. ಅದರ ಬೆನ್ನಿಗೆ ಕ್ರಮ ಕೈಗೊಂಡಾಗಲೇ ಅದು ಖಡಕ್. ವರದಿ ಬರೆಯುವವರಲ್ಲಿ, ಮಕ್ಕಳಿಗೆ ಪ್ರಬಂಧ ಕಲಿಸುವವರಲ್ಲಿ ನನ್ನ ವಿನಂತಿ ಇಷ್ಟೇ: ಬಿಗಿಯಾದ ವಿಶೇಷಣವೊಂದನ್ನು ವಾಕ್ಯಕ್ಕೆ ಹಾಕುವ ಮುನ್ನ, ಕೆಲಸ ಅಷ್ಟು ಬಿಗಿಯಾಗಿ ನಡೆದಿದೆಯೇ ಎಂದು ವಿಚಾರಿಸಿ. ನಡೆದಿದ್ದರೆ ಧಾರಾಳವಾಗಿ ಬರೆಯಿರಿ; ನಡೆದಿಲ್ಲವಾದರೆ ಆ ಪದವನ್ನು ಕೈಬಿಡಿ.