ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಸೀಳುತುಟಿ, ವಕ್ರಪಾದ, ಹುಟ್ಟು ಹೃದಯದೋಷ ಮೊದಲಾದ ಒಂಬತ್ತು ಜನ್ಮದೋಷಗಳಿಗೆ ಜಾಗ ಸಿಕ್ಕಿತು. ಉದರಭಿತ್ತಿಯ, ಎಂದರೆ ಹೊಟ್ಟೆಯ ಮುಂಗೋಡೆಯ, ದೋಷಗಳಿಗೆ ಸಿಗಲಿಲ್ಲ. ಕಣ್ಣಿಗೆ ತಾನಾಗಿಯೇ ಬೀಳುವ ದೋಷಕ್ಕೆ ತಪಾಸಣೆ ಏಕೆಂಬ ವಾದ ಹುಟ್ಟಿದ ದಿನದ ಮಟ್ಟಿಗೆ ಸರಿ, ಆದರೆ ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಿಗೆ ಅದು ಅನ್ವಯಿಸುವುದಿಲ್ಲ.

ಈ ದೋಷಗಳಲ್ಲಿ ಮುಖ್ಯವಾದವು ಎರಡು. ಹೊಕ್ಕುಳಿನ ಪಕ್ಕದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಇರುವ ರಂಧ್ರದಿಂದ ಕರುಳು ಯಾವ ಹೊದಿಕೆಯೂ ಇಲ್ಲದೆ ಹೊರಬಂದಿದ್ದರೆ ಅದು ಗ್ಯಾಸ್ಟ್ರೋಸ್ಕೈಸಿಸ್. ಹೊಕ್ಕುಳಿನಲ್ಲಿಯೇ ಕರುಳು, ಕೆಲವೊಮ್ಮೆ ಯಕೃತ್ತು ಕೂಡ, ತೆಳುಪೊರೆಯ ಚೀಲದೊಳಗೆ ಹೊರಚಾಚಿದ್ದರೆ ಓಂಫಲೋಸೀಲ್. ಎರಡನೆಯದರೊಂದಿಗೆ ಹೃದಯದ ಅಥವಾ ವರ್ಣತಂತುಗಳ ದೋಷಗಳು ಸೇರಿಕೊಂಡಿರುವುದು ಹೆಚ್ಚು. 2021ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ, 74 ದೇಶಗಳ ಆಸ್ಪತ್ರೆಗಳನ್ನು ಒಳಗೊಂಡ ಅಧ್ಯಯನದಲ್ಲಿ ಗ್ಯಾಸ್ಟ್ರೋಸ್ಕೈಸಿಸ್ ಶಿಶುಗಳ ಮರಣಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ. 1.4 ಇದ್ದರೆ, ಭಾರತವೂ ಸೇರುವ ಮಧ್ಯಮ ಆದಾಯದ ವರ್ಗದಲ್ಲಿ ಶೇ. 31.9 ಇತ್ತು. ಇಂಥ ಅಂತರದ ಎದುರು ಬದುಕಿ ಮನೆಗೆ ಹೋದದ್ದನ್ನೇ ಯಶಸ್ಸೆಂದು ಎಣಿಸುವುದು ಸಹಜ, ಆದರೂ ಅದು ಅರ್ಧ ಎಣಿಕೆ.

ಬದುಕುಳಿದ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯ ವಯಸ್ಸಿಗೆ ಉಳಿದ ಮಕ್ಕಳಂತೆಯೇ ಓಡಾಡುತ್ತಾರೆ; ಹೆತ್ತವರಿಗೆ ಮೊದಲು ಹೇಳಬೇಕಾದದ್ದು ಇದನ್ನೇ. ಕೆಲವರಲ್ಲಿ ಮಾತ್ರ ಕರುಳಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಳ ನಂತರವೂ ದಾರಿ ಕಟ್ಟಬಹುದು, ಗಾಯದ ಜಾಗದಲ್ಲಿ ಹರ್ನಿಯಾ ಕಾಣಿಸಬಹುದು, ಕರುಳಿನ ಬಹುಭಾಗವನ್ನು ತೆಗೆದಿದ್ದರೆ ಪೋಷಕಾಂಶ ಮೈಗೆ ಹತ್ತದೆ ಬೆಳವಣಿಗೆ ಹಿಂದೆ ಬೀಳಬಹುದು. ಗರ್ಭದಲ್ಲಿ ಕರುಳು ತಿರುಗಿ ತನ್ನ ಸ್ಥಾನದಲ್ಲಿ ನೆಲೆಗೊಳ್ಳುವ ಕ್ರಿಯೆ ಇವರಲ್ಲಿ ಪೂರ್ಣವಾಗದ ಕಾರಣ ಅಪೆಂಡಿಕ್ಸ್ ಕೂಡ ಎಂದಿನ ಬಲಭಾಗದ ಕೆಳಗೆ ಇರದೆ ಬೇರೆಡೆ ಇರಬಹುದು. ಹಾಗಿದ್ದಾಗ ಅದು ಊದಿಕೊಂಡರೆ ನೋವು ಅನಿರೀಕ್ಷಿತ ಜಾಗದಲ್ಲಿ ಕಾಣಿಸಿಕೊಂಡು, ಹಳೆಯ ಶಸ್ತ್ರಚಿಕಿತ್ಸೆಯ ವಿವರ ತಿಳಿಯದ ವೈದ್ಯರ ದಾರಿ ತಪ್ಪಬಹುದು.

ಮಳವಳ್ಳಿ ತಾಲ್ಲೂಕಿನ ಬಂಡೂರಿನಂಥ ಊರಿನ ಮಗುವಿಗೆ ಶಸ್ತ್ರಚಿಕಿತ್ಸೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ದೂರದ ಆಸ್ಪತ್ರೆಯಲ್ಲಿ ಆದರೂ, ಹತ್ತು ವರ್ಷದ ಬಳಿಕ ಹೊಟ್ಟೆನೋವು ಬಂದ ರಾತ್ರಿ ಮೊದಲು ನೋಡುವವರು ಹತ್ತಿರದ ವೈದ್ಯರೇ. ಬಾಲ ಸ್ವಾಸ್ಥ್ಯ ತಂಡ ವರ್ಷಕ್ಕೆ ಎರಡು ಬಾರಿ ಅಂಗನವಾಡಿಗೂ ಒಂದು ಬಾರಿ ಶಾಲೆಗೂ ಬರುವ ಏರ್ಪಾಡು ಇರುವುದರಿಂದ ಈ ಮಕ್ಕಳ ತೂಕ, ಎತ್ತರ, ಗಾಯದ ಜಾಗಗಳನ್ನು ಗಮನಿಸಲು ಹೊಸ ವ್ಯವಸ್ಥೆಯೇನೂ ಬೇಕಿಲ್ಲ, ದೋಷವನ್ನು ಪಟ್ಟಿಗೆ ಸೇರಿಸಿದರೆ ಸಾಕು. ಡಿಸ್ಚಾರ್ಜ್ ಚೀಟಿಯಲ್ಲಿ ಕರುಳಿನ ಸ್ಥಿತಿ, ತೆಗೆದ ಉದ್ದ, ಅಪೆಂಡಿಕ್ಸ್ ಇದೆಯೇ ಇಲ್ಲವೇ ಎಂಬುದನ್ನು ಕನ್ನಡದಲ್ಲಿಯೂ ಬರೆದುಕೊಡಬೇಕು. ಹಸಿರು ವಾಂತಿಯಾದರೆ, ಹೊಟ್ಟೆ ಉಬ್ಬಿ ಮಲ ಕಟ್ಟಿದರೆ ಬೆಳಗಿನವರೆಗೆ ಕಾಯದೆ ಆ ಚೀಟಿಯೊಂದಿಗೆ ಆಸ್ಪತ್ರೆಗೆ ಹೊರಡಬೇಕೆಂದು ಹೆತ್ತವರಿಗೆ ತಿಳಿಸಿಯೇ ಕಳುಹಿಸಬೇಕು.